ಸಿಂಹವಾದ ಭೂಪಟ

ಭೂಪಟವನ್ನು ಯಾತ್ರಿಕನು ದಾರಿಗಾಗಿ ನೋಡುವನು. ಅರಸನು ಎಲ್ಲೆಗಾಗಿ ನೋಡುವನು. ಚಿತ್ರಕಾರನ ಕೈಗೆ ಸಿಕ್ಕಿದರೆ ಅದೇ ಪಟವು ಒಂದು ಜನಾಂಗದ ಅಂತರಂಗಕ್ಕೆ ಕನ್ನಡಿಯಾಗುವುದೂ ಉಂಟು. ಆಮ್‌ಸ್ಟರ್‌ಡಾಮ್ ನಗರದ ಕ್ಲಾಸ್ ಯಾನ್ಸ್‌ಜೋನ್ ವಿಸ್ಸರನ (1587–1652) ಕೃತಿಗಳು ಇದಕ್ಕೆ ನಿದರ್ಶನವಾಗಿವೆ.

ಹದಿನಾರನೆಯ ಶತಮಾನದಲ್ಲಿ, ಇಂದು ನೆದರ್ಲೆಂಡ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್ ಎನ್ನಿಸಿಕೊಳ್ಳುವ ಸೀಮೆಯ ಹದಿನೇಳು ಪ್ರಾಂತಗಳು ಸ್ಪೇನಿನ ಅರಸನಿಗೆ ಅಧೀನವಾಗಿದ್ದುವು. ಮತಪೀಡನೆಯಿಂದಲೂ ಕರಭಾರದಿಂದಲೂ ಬೇಸತ್ತ ಜನರು ದಂಗೆಯೆದ್ದು, 1568ರಲ್ಲಿ ಯುದ್ಧವು ಆರಂಭವಾಯಿತು. 1583ರಲ್ಲಿ ಐಟ್ಸಿಂಗರ್ ಎಂಬ ಆಸ್ಟ್ರಿಯದ ಪಂಡಿತನು ಈ ಕಲಹದ ಚರಿತ್ರೆಯನ್ನು ಕೊಲೋನ್ ನಗರದಲ್ಲಿ ಪ್ರಕಟಿಸಿದನು. ಅನೇಕ ಪ್ರಾಂತಗಳ ಲಾಂಛನವು ಸಿಂಹವೇ ಆಗಿದ್ದುದರಿಂದ, ಇಡೀ ನಾಡನ್ನು ಒಂದು ಸಿಂಹವಾಗಿ ತೋರಿಸಬೇಕೆಂದು ಅವನಿಗೆ ಹೊಳೆಯಿತು. ಹೋಗನ್‌ಬರ್ಗನು ಅದನ್ನು ಫಲಕದಲ್ಲಿ ಕೊರೆದನು. ಪಡುವಣ ದಿಕ್ಕನ್ನು ಮೇಲಕ್ಕೆ ತಿರುಗಿಸಲಾಗಿ ಕಡಲ ತೀರವೇ ಸಿಂಹದ ಬೆನ್ನಾಯಿತು. ಈಶಾನ್ಯದ ಪ್ರಾಂತಗಳು ತಲೆಯಾದುವು. ಊರುಗಳೂ ನದಿಗಳೂ ಮಾತ್ರ ತಮ್ಮ ತಮ್ಮ ಸ್ಥಾನದಲ್ಲಿಯೇ ಉಳಿದುವು. ಆ ಸಿಂಹವು ಕಾಲೆತ್ತಿ ಬಾಯಿ ತೆರೆದು ಗರ್ಜಿಸುತ್ತಿದ್ದಿತು.

ಕಾಲು ಶತಮಾನವು ಕಳೆದ ಬಳಿಕ ವಿಸ್ಸರನು ಈ ಹಳೆಯ ಪಟವನ್ನೇ ಹೊಸದಾಗಿ ಬರೆಯತೊಡಗಿದನು. ಅವನು ರೇಖಾಚಿತ್ರಗಳಲ್ಲಿಯೂ ತಾಮ್ರಫಲಕದ ಮುದ್ರಣದಲ್ಲಿಯೂ ಪಳಗಿದವನು. ಫಲಕಕ್ಕೆ ಮೇಣವನ್ನು ಸವರಿ, ಸೂಜಿಯಿಂದ ಗೀರಿ, ಆಮ್ಲವನ್ನು ಹೊಯ್ದರೆ ಗೀರಿದ ಎಡೆಯಲ್ಲಿ ಮಾತ್ರ ತಾಮ್ರವು ಸವೆಯುವುದು. ಆ ಗೆರೆಗಳಲ್ಲಿ ಮಸಿಯನ್ನು ತುಂಬಿ, ತೇವದ ಕಾಗದವನ್ನಿಟ್ಟು ಒತ್ತಿದರೆ ಚಿತ್ರವು ಎಡಬಲ ಬದಲಾಗಿ ಮೂಡುವುದು. ಆದುದರಿಂದ ದೇಶವನ್ನೆಲ್ಲ ತಿರುಗುಮುರುಗಾಗಿ ಬರೆಯುವ ಕೈವಾಡವು ಚಿತ್ರಕಾರನಿಗೆ ಬೇಕು. ವಿಸ್ಸರ್ ಎಂದರೆ ಬೆಸ್ತನೆಂದು ಅರ್ಥ. ತನ್ನ ಕೃತಿಗಳಲ್ಲಿ ಅವನು ಪುಟ್ಟ ಬೆಸ್ತನೊಬ್ಬನನ್ನು ಗುರುತಾಗಿ ಸೇರಿಸುತ್ತಿದ್ದುದೂ ಉಂಟು.

1609ರಲ್ಲಿ ಹನ್ನೆರಡು ವರ್ಷಗಳ ಕದನವಿರಾಮವು ಏರ್ಪಟ್ಟಿತು. ವಿಸ್ಸರನ ಸಿಂಹವು ಆ ಕಾಲದ್ದು. ಭೂಮಿಯು ಅದೇ, ಭಾವವು ಬೇರೆ. ಸಿಂಹದ ಮುಂಗಾಲಿನಲ್ಲಿ ಖಡ್ಗವು ತಗ್ಗಿದೆ. ಕೆಳಗೆ ಯುದ್ಧಪುರುಷನು ನಿದ್ರೆಹೋಗಿದ್ದಾನೆ. ಉತ್ತರವೂ ದಕ್ಷಿಣವೂ ಇಬ್ಬರು ಸ್ತ್ರೀಯರ ರೂಪದಲ್ಲಿ ಜೊತೆಯಾಗಿ ಕುಳಿತಿವೆ. ಅಂಚಿನಲ್ಲಿ ನಗರಗಳ ನೋಟಗಳು ಮೆರೆಯುತ್ತವೆ. ಒಡಹುಟ್ಟಿದವರು ಮತ್ತೆ ಕೂಡಿಯಾರೆಂಬ ಆಸೆಯೇ ಇಲ್ಲಿ ರೇಖೆಯಾಗಿ ಇಳಿದಿದೆ.

ಆಸೆಯು ಕೈಗೂಡಲಿಲ್ಲ. 1621ರಲ್ಲಿ ಮಲಗಿದ್ದವನು ಎಚ್ಚತ್ತನು. 1648ರ ಮ್ಯೂನ್‌ಸ್ಟರ್ ಒಪ್ಪಂದದಿಂದ ಉತ್ತರದ ಪ್ರಾಂತಗಳು ಸ್ವತಂತ್ರವಾದುವು. ದಕ್ಷಿಣವು ಸ್ಪೇನಿನ ಪಾಲಿಗೇ ಉಳಿಯಿತು. ಅದೇ ವರ್ಷ ವಿಸ್ಸರನು ಮತ್ತೊಂದು ಸಿಂಹವನ್ನು ಅಚ್ಚುಹಾಕಿದನು. ಅದು ಹಾಲೆಂಡ್ ಪ್ರಾಂತವೊಂದರದೇ ಸಿಂಹ! ಜಯದ ವರ್ಷದಲ್ಲಿ ಸಿಂಹದ ಮೈ ಚಿಕ್ಕದಾಯಿತೆಂಬುದನ್ನು ವಾಚಕರು ಗಮನಿಸಬೇಕು.

ಆದರೂ ಮನೆಗಳ ಗೋಡೆಯಿಂದ ಅಖಂಡ ನಾಡು ಒಡನೆಯೇ ಇಳಿಯಲಿಲ್ಲ. ಸುಮಾರು 1666–68ರಲ್ಲಿ ವರ್ಮೀರನು ಬರೆದ ‘ಚಿತ್ರಕಲೆ’ಯೆಂಬ ಪ್ರಸಿದ್ಧ ಚಿತ್ರವು ಈಗ ವಿಯೆನ್ನದಲ್ಲಿದೆ. ಅದರ ಹಿನ್ನೆಲೆಯಲ್ಲಿ ವಿಸ್ಸರನ ಹೆಸರುಳ್ಳ, ಹದಿನೇಳು ಪ್ರಾಂತಗಳೂ ಕೂಡಿದ ಭೂಪಟವು ತೂಗುತ್ತಿದೆ. ರಾಜ್ಯವು ಒಡೆದು ಇಪ್ಪತ್ತು ವರ್ಷಗಳಾಗುತ್ತ ಬಂದಿದ್ದರೂ ಕಾಗದದಲ್ಲಿ ನಾಡು ಒಂದಾಗಿಯೇ ಇದ್ದಿತು. ಎಲ್ಲೆಗಳನ್ನು ಒಪ್ಪಂದಗಳು ಗೊತ್ತುಮಾಡುವುವು. ಕಳೆದುಹೋದ ಒಡನಾಟವನ್ನು ಕಾಪಾಡುವ ಹೊಣೆಯು ಕಲೆಗೆ ಬಿದ್ದಿರುವುದು.