ವೀರಗಲ್ಲಿಲ್ಲದ ಹೋರಾಟಗಾರರು

ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಹಳೆಯ ಕೋಟೆಯನ್ನು ಕಂಡವರಿಗೆ, ಇದೇ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತೆಂದು ನಂಬುವುದು ತುಸು ಕಷ್ಟ. ಅಮೋಘವರ್ಷ ನೃಪತುಂಗನ ಹೆಸರಿನೊಂದಿಗೆ, ‘ಕವಿರಾಜಮಾರ್ಗ’ದ ನೆನಪಿನೊಂದಿಗೆ ಈ ಊರನ್ನು ನಾವು ಶಾಲೆಯ ಪುಸ್ತಕಗಳಲ್ಲಿ ಅರಿತಿದ್ದೇವೆ. ಆದರೆ ಇಲ್ಲಿಂದ ಆಳಿದವರು ಯುದ್ಧಗಳನ್ನೂ ಬಹಳವಾಗಿ ಮಾಡಿದವರು. ಅಂಥ ಒಂದು ಯುದ್ಧ 949ರಲ್ಲಿ ಇಂದಿನ ತಮಿಳುನಾಡಿನ ತಕ್ಕೋಲದಲ್ಲಿ ನಡೆಯಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಅವನ ಮಿತ್ರನಾದ ಗಂಗರ ಬೂತುಗನೂ ಅಲ್ಲಿ ಚೋಳರನ್ನು ಸೋಲಿಸಿದರು. ಚೋಳ ಯುವರಾಜ ರಾಜಾದಿತ್ಯ ಹತನಾದ.

ಈ ಯುದ್ಧದ ವಿವರ ನಮಗೆ ತಲುಪಿರುವ ಬಗೆ ಸೋಜಿಗದ್ದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಒಂದು ಕಲ್ಲು ಅದನ್ನು ಹೇಳುತ್ತದೆ. ಬೂತುಗನ ಬಂಟನಾದ ಮಣಲರತನ ಶೌರ್ಯವನ್ನು ಮೆಚ್ಚಿದ ಒಡೆಯನು ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆ ನಾಯಿ ಮುಂದೆ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಅಷ್ಟೇ ಆಗಿದ್ದರೆ ಹೇಳಬೇಕಾದುದು ಹೆಚ್ಚಿರಲಿಲ್ಲ. ಕಲ್ಲಿನ ಪೂಜೆಗೆಂದು ಭೂಮಿಯನ್ನು ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಪೂಜೆ ಮಾಡದೆ ಉಂಡರೆ ದೋಷಕ್ಕೆ ಗುರಿಯಾಗುವನೆಂದೂ ಕಟ್ಟಳೆ ಮಾಡಿದರು. ನೆನಪನ್ನು ಕೆತ್ತುವುದು ಒಂದು ದಿನದ ಕೆಲಸ, ಕಾಯುವುದು ನಿತ್ಯದ ಕೆಲಸ ಎಂಬುದನ್ನು ಆ ಜನ ಚೆನ್ನಾಗಿ ಬಲ್ಲವರಾಗಿದ್ದರು.

ಕನ್ನಡ ನಾಡಿನಲ್ಲೆಲ್ಲ ಕಾಣುವ ವೀರಗಲ್ಲುಗಳಿಗೆ ಒಂದು ಮಿತಿಯಿದೆ. ಅವು ಬಹುಮಟ್ಟಿಗೆ ಮಡಿದವರಿಗೆ ಸಲ್ಲುವಂಥವು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಹೋರಾಡಿ ಬದುಕಿ ಮನೆಗೆ ಮರಳಿದವನಿಗೆ ಅಲ್ಲಿ ಎಡೆಯಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್ ಸೀಮೆಯ ಹಿರಿಯ ತಲೆಮಾರಿನ ಪಾಡು ಇದೇ. ಅವರ ಯುದ್ಧ ನಡೆದದ್ದು 1947–48ರಲ್ಲಿ.

ಆಗ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತವನ್ನು ಸೇರಲೊಪ್ಪಲಿಲ್ಲ. ಸ್ವಾಮಿ ರಮಾನಂದ ತೀರ್ಥರ ಮುಂದಾಳುತನದಲ್ಲಿ ಸ್ಟೇಟ್ ಕಾಂಗ್ರೆಸ್ ಸತ್ಯಾಗ್ರಹ ಹೂಡಿತು. ಅವರು ಸೆರೆಮನೆ ಸೇರಿದರು. ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಿದಂತೆ ಯುವಕರು ಗಡಿಯಾಚೆಯ ಮುಂಡರಗಿ, ಗಜೇಂದ್ರಗಡದಂಥ ಶಿಬಿರಗಳಲ್ಲಿ ನೆಲೆನಿಂತು ಹೋರಾಡಿದರು. ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಿನಲ್ಲಿ ಹತ್ಯಾಕಾಂಡವೇ ನಡೆಯಿತು. ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ನೇತೃತ್ವದಲ್ಲಿ ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮ ಶರಣಾದ. ನಡೆದದ್ದು ಸೈನ್ಯದ ಕಾರ್ಯಾಚರಣೆ, ಉಳಿದ ಹೆಸರು ಮಾತ್ರ ‘ಪೊಲೀಸ್ ಆ್ಯಕ್ಷನ್’.

ಈ ಹೋರಾಟಗಾರರನ್ನು ಸರಕಾರ ನೆನೆಯಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಸ್ವಾತಂತ್ರ್ಯ ಹೋರಾಟಗಾರರಿಗೆ ಕೇಂದ್ರ ಸರಕಾರ 1972ರಲ್ಲಿ ಪಿಂಚಣಿಯನ್ನು ಆರಂಭಿಸಿತು. ಮುಂದೆ ಹೈದರಾಬಾದ್ ವಿಮೋಚನೆಯ ಗಡಿ ಶಿಬಿರಗಳಲ್ಲಿದ್ದವರಿಗೂ ಅದು ದೊರೆಯಿತು. ಆದರೆ ಪಿಂಚಣಿಯ ಅರ್ಜಿ ಕೇಳುವುದು ಕಥೆಯನ್ನಲ್ಲ, ಪುರಾವೆಯನ್ನು. ಎಷ್ಟು ತಿಂಗಳು ಸೆರೆವಾಸ, ಯಾವ ಶಿಬಿರ, ಜೊತೆಗಿದ್ದ ಯಾರು ದೃಢೀಕರಿಸುವರು ಎಂಬಷ್ಟಕ್ಕೆ ಒಂದು ಜೀವದ ಸಾಹಸವೆಲ್ಲ ಇಳಿದುಬಿಟ್ಟಿತು. ತಲೆಮರೆಸಿಕೊಂಡವನಿಗೆ ನಡುರಾತ್ರಿ ರೊಟ್ಟಿ ಕಟ್ಟಿಕೊಟ್ಟ ತಾಯಿ ಯಾವ ಪ್ರಮಾಣಪತ್ರವನ್ನು ತಂದಾಳು?

ಇನ್ನೊಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ವಿಮೋಚನೆಯ ಬೆನ್ನಲ್ಲೇ ಸಂಸ್ಥಾನದ ಹಲವೆಡೆ ಮುಸ್ಲಿಮರ ಮೇಲೆ ಘೋರ ಹಿಂಸೆ ನಡೆಯಿತು. ಕೇಂದ್ರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ, ಸತ್ತವರು 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಕಲಬುರಗಿಯೂ ಬೀದರೂ ಸೇರಿದ್ದವು. ಆ ವರದಿ ದಶಕಗಳವರೆಗೆ ಬೆಳಕು ಕಾಣಲಿಲ್ಲ. ಕೆಲವೆಡೆ ಹಿಂದೂ ನೇಕಾರರು ಪ್ರಾಣದ ಹಂಗು ತೊರೆದು ಮುಸ್ಲಿಂ ನೇಕಾರರನ್ನು ಕಾಪಾಡಿದರೆಂಬುದೂ ಅದರಲ್ಲಿಯೇ ಇದೆ. ಆ ನೇಕಾರರೂ ಹೋರಾಟಗಾರರಲ್ಲವೇ? ಅವರಿಗೆ ಪಿಂಚಣಿಯೂ ಇಲ್ಲ, ಕಲ್ಲೂ ಇಲ್ಲ. ಗೋರ್ಟಾದಲ್ಲಿ ಹುತಾತ್ಮರ ಸ್ಮಾರಕ 2023ರಲ್ಲಿ ಲೋಕಾರ್ಪಣೆಯಾಯಿತು, ಆದದ್ದು ಯೋಗ್ಯವೇ. ಕಲಬುರಗಿಯಲ್ಲಿ ಪ್ರತಿವರ್ಷ ಸೆಪ್ಟೆಂಬರ್ 17ರಂದು ಧ್ವಜವೂ ಏರುತ್ತದೆ. ಆದರೆ ಒಂದೇ ಓಣಿಯ ಎರಡು ಮನೆಗಳು ಆ ವಾರವನ್ನು ಎರಡು ಬಗೆಯಾಗಿ ನೆನೆಯುತ್ತಿರುವಾಗ, ಎರಡನ್ನೂ ಬರೆದಿಡದ ಸ್ಮರಣೆಯನ್ನು ಪೂರ್ಣವೆಂದು ನಾನಂತೂ ಒಪ್ಪಲಾರೆ.

ಮನೆಯವರು ಬರೆದಿಟ್ಟರೆ ಏನಾದೀತು ಎಂದು ಕೇಳುವವರಿಗೆ ಮಳಖೇಡದ ಇತಿಹಾಸದಲ್ಲಿಯೇ ಉತ್ತರವಿದೆ. ಮಾಳವದ ಪರಮಾರರು 972ರ ಸುಮಾರಿಗೆ ಮಾನ್ಯಖೇಟವನ್ನು ಸೂರೆಗೊಂಡರು. ಆ ಕಾಲವನ್ನು ನಾವು ತಿಳಿದಿರುವುದು ಮುಖ್ಯವಾಗಿ ಧನಪಾಲನೆಂಬ ಕವಿಯಿಂದ. ಅವನು ಮಾಳವದ ಧಾರಾನಗರದಲ್ಲಿ ತನ್ನ ತಂಗಿ ಸುಂದರಿಗೆಂದು ಪ್ರಾಕೃತ ಶಬ್ದಗಳ ಒಂದು ಕೋಶವನ್ನು ರಚಿಸಿ, ಮಾನ್ಯಖೇಟ ಲೂಟಿಯಾದ ವರ್ಷದಲ್ಲಿ ಇದನ್ನು ಬರೆದೆನೆಂದು ಕೊನೆಯಲ್ಲಿ ಗುರುತು ಹಾಕಿದ. ತಂಗಿಗಾಗಿ ಅಣ್ಣ ಬರೆದ ಒಂದು ಸಾಲು, ಅದೂ ಗೆದ್ದವರ ಊರಿನಲ್ಲಿ ಬರೆದದ್ದು, ಒಂದು ಸಾಮ್ರಾಜ್ಯದ ರಾಜಧಾನಿಯ ಪತನಕ್ಕೆ ಸಾಕ್ಷಿಯಾಗಿ ನಿಂತಿದೆ!

1948ರಲ್ಲಿ ಹದಿನೆಂಟು ವರ್ಷದವರಾಗಿದ್ದವರಿಗೆ ಈಗ ತೊಂಬತ್ತೈದು ದಾಟಿದೆ. ಅಂದಿನ ಹತ್ತು ವರ್ಷದ ಮಕ್ಕಳೂ ತೊಂಬತ್ತರ ಸಮೀಪದಲ್ಲಿದ್ದಾರೆ. ವಾಡಿ, ಶಹಾಬಾದಿನ ರೈಲ್ವೆ ಹಾಗೂ ಸಿಮೆಂಟ್ ಕಾರ್ಖಾನೆಗಳ ವಸತಿಗಳಿಗೆ ಮುಂದೆ ಬಂದು ನೆಲೆಸಿದ ಕುಟುಂಬಗಳಲ್ಲಿ 1965ರ, 1971ರ ಯುದ್ಧಗಳನ್ನು ಕಂಡ ನಿವೃತ್ತ ಸೈನಿಕರೂ ಇರಬಹುದು. ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಅಜ್ಜ ಅಜ್ಜಿಯರ ಮಾತನ್ನು ಹಿಡಿದಿಡಲು ಬೇರೆ ಯಂತ್ರ ಬೇಡ. ‘ನೀವು ಎಷ್ಟು ಜನರನ್ನು ಎದುರಿಸಿದಿರಿ’ ಎಂಬ ಪ್ರಶ್ನೆಯಿಂದ ಆರಂಭಿಸಬೇಡಿ. ಆ ದಿನ ಮನೆಯಲ್ಲಿ ಏನು ಅಡಿಗೆಯಾಗಿತ್ತು, ಯಾವ ದಾರಿಯಲ್ಲಿ ನಡೆದಿರಿ, ಯಾರು ಬಾಗಿಲು ತೆರೆದರು, ಯಾರು ತೆರೆಯಲಿಲ್ಲ ಎಂದು ಕೇಳಿರಿ. ಉರ್ದು ಬೆರೆತ ನಮ್ಮ ಸೀಮೆಯ ಕನ್ನಡವನ್ನು ಗ್ರಂಥಭಾಷೆಗೆ ತಿದ್ದದೆ ಇದ್ದಂತೆಯೇ ಬರೆದುಕೊಳ್ಳಿ. ಊರು, ದಿನಾಂಕ, ಹೇಳಿದವರ ವಯಸ್ಸು ಕೆಳಗೆ ಇರಲಿ. ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಂಡು ಇನ್ನೊಂದನ್ನು ಊರಿನ ಗ್ರಂಥಾಲಯಕ್ಕೋ ಶಾಲೆಗೋ ಕೊಡಿರಿ. ಹಿರಿಯರು ಕೆಲವೆಡೆ ಮೌನವಾಗುವರು. ಆಗ ಒತ್ತಾಯಿಸದೆ, ಇಂಥ ಮಾತಿಗೆ ಮೌನವಾದರು ಎಂದಷ್ಟೇ ಬರೆದು ಮುಂದಿನ ಪ್ರಶ್ನೆಗೆ ಹೋದರಾಯಿತು.