ತಡೆಯುವವಳ ಲೆಕ್ಕ

ಫುಟ್‌ಬಾಲಿನಲ್ಲಿ ಡಿಫೆಂಡರ್ ಆಗುವುದೆಂದರೆ ಅರ್ಧ ಅನಾಮಧೇಯರಾದ ಹಾಗೆ. ಗೋಲು ಹೊಡೆದವರ ಹೆಸರು ಉಳಿಯುತ್ತದೆ. ತಡೆದವರು ನೆನಪಾಗುವುದು ತಪ್ಪು ಮಾಡಿದಾಗ ಮಾತ್ರ! ಕ್ರಿಕೆಟ್ಟಿನಲ್ಲಾದರೆ ಕುಟುಕುತ್ತಾ ನಿಂತವನಿಗೂ ರನ್ನಿನ ಲೆಕ್ಕ ಇರುತ್ತೆ. ಇಲ್ಲಿ ಅದೂ ಇಲ್ಲ.

ಕ್ರಿಸ್ಟಿ ಪಿಯರ್ಸ್ ರಾಂಪೋನ್ ಲೆಕ್ಕ ನೋಡಿ: ಅಮೆರಿಕದ ಮಹಿಳಾ ತಂಡಕ್ಕೆ 311 ಪಂದ್ಯ, ಗೋಲು 4. ಮಜಾ ಅಂದ್ರೆ ನ್ಯೂಜೆರ್ಸಿಯ ಮಾನ್‌ಮೌತ್ ವಿಶ್ವವಿದ್ಯಾಲಯದಲ್ಲಿ ಆಕೆ ಗೋಲುಗಳ ರಾಶಿ ಹಾಕಿದವಳು, ಬ್ಯಾಸ್ಕೆಟ್‌ಬಾಲನ್ನೂ ಆಡಿದವಳು. 1997ರಲ್ಲಿ ರಾಷ್ಟ್ರೀಯ ತಂಡಕ್ಕೆ ಬಂದ ಮೇಲೆ ಹಿಂದಕ್ಕೆ ಹೋಗಿ ನಿಲ್ಲಬೇಕಾಯ್ತು. ನಿಂತಳು. ಹದಿನೆಂಟು ವರ್ಷ!

ಆದರೆ ನಾನು ಹೇಳಹೊರಟಿದ್ದು ಅದಲ್ಲ. 'ವೃತ್ತಿಪರ ಆಟಗಾರ್ತಿ' ಅಂತ ಸಲೀಸಾಗಿ ಬರೆದುಬಿಡುತ್ತೇವೆ. ಈಕೆಯ ಕಾಲದಲ್ಲಿ ಆ ವೃತ್ತಿಯೇ ಎರಡು ಸಲ ಕಣ್ಣು ಮುಚ್ಚಿತ್ತು. 2001ರಲ್ಲಿ ಅಮೆರಿಕದಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಶುರುವಾಯ್ತು, ಈಕೆ ನ್ಯೂಯಾರ್ಕ್ ಪವರ್ ತಂಡದಲ್ಲಿ ಆಡಿದಳು. 2003ರ ಸೆಪ್ಟೆಂಬರಿನಲ್ಲಿ, ಅಲ್ಲೇ ನಡೆಯಬೇಕಿದ್ದ ವಿಶ್ವಕಪ್ಪಿಗೆ ಇನ್ನೇನು ಕೆಲವೇ ದಿನ ಇರುವಾಗ, ದುಡ್ಡಿಲ್ಲ ಅಂತ ಬಾಗಿಲು ಹಾಕಿದರು. ಮುಂದೆ ಐದು ವರ್ಷ ಅಂಥ ಲೀಗೇ ಇಲ್ಲ. ಆ ಅವಧಿಯಲ್ಲಿ ಈಕೆ ಎರಡು ಒಲಿಂಪಿಕ್ ಚಿನ್ನ ಗೆದ್ದಳು, ಮೊದಲ ಮಗುವಿನ ತಾಯಿಯಾದಳು, ತಂಡದ ನಾಯಕಿಯೂ ಆದಳು.

2009ರಲ್ಲಿ ಇನ್ನೊಂದು ಲೀಗ್ ಬಂತು. ನ್ಯೂಜೆರ್ಸಿಯ ಸ್ಕೈ ಬ್ಲೂ ತಂಡ ಸೇರಿದಳು. ಆ ತಂಡದ ಅವಸ್ಥೆ ಕೇಳಬೇಡಿ... ಒಬ್ಬ ಕೋಚ್ ಹೋದರು, ಅವರ ಜಾಗಕ್ಕೆ ಬಂದವರೂ ಹೋದರು. ಸೀಸನ್ ಮುಗಿಯುವ ಹೊತ್ತಿಗೆ ಆ ಹೊಣೆಯೂ ಈಕೆಯ ಹೆಗಲಿಗೇ ಬಿತ್ತು. ಪಟ್ಟಿಯಲ್ಲಿ ನಾಲ್ಕನೇ ಸ್ಥಾನದಲ್ಲಿ ಏದುಸಿರು ಬಿಡುತ್ತಾ ಪ್ಲೇಆಫ್ ಸೇರಿದ ತಂಡವದು. ಒಂದು ವಾರದ ಆಸುಪಾಸಿನಲ್ಲಿ ಮೂರು ನಾಕೌಟ್ ಪಂದ್ಯ, ಮೂರೂ ಎದುರಾಳಿಗಳ ಊರಿನಲ್ಲೇ. ಮೂರನ್ನೂ ಗೆದ್ದರು! ಆಗಸ್ಟ್ 22ರ ಫೈನಲ್‌ನಲ್ಲಿ ಎದುರಿಗಿದ್ದದ್ದು ಬ್ರೆಜಿಲ್‌ನ ಮಾರ್ತಾ ಇದ್ದ ಲಾಸ್ ಏಂಜಲೀಸ್ ಸೋಲ್. ಹೆದರ್ ಒ'ರೈಲಿ ಒಂದು ಗೋಲು ಹೊಡೆದಳು, ಉಳಿದ ಹೊತ್ತೆಲ್ಲ ಅದನ್ನು ಕಾಯುವುದೇ ಕೆಲಸ. 1-0. ಮೈದಾನದಲ್ಲಿ ಡಿಫೆನ್ಸ್ ಕಾಯುತ್ತಿದ್ದ, ಕೋಚ್ ಕೂಡ ಆಗಿದ್ದ ಈ ಹೆಂಗಸು ಆಗ ಎರಡನೇ ಮಗುವಿನ ಗರ್ಭಿಣಿ. ಅದು ಲೋಕಕ್ಕೆ ಗೊತ್ತಾದದ್ದು ಆಮೇಲೆ.

ಪತ್ರಿಕೆಗಳಿಗೆ ಚಂದದ ಸುದ್ದಿ, ನಿಜ. ನನಗಂತೂ ಅದನ್ನು ಓದುವಾಗ ಖುಷಿಗಿಂತ ಕಸಿವಿಸಿಯೇ ಹೆಚ್ಚಾಯ್ತು. ತಂಡ ನಡೆಸಬೇಕಾದವರು ನೆಟ್ಟಗೆ ನಡೆಸಿದ್ದರೆ ಆಟಗಾರ್ತಿಯೊಬ್ಬಳು ಇಷ್ಟೆಲ್ಲ ಹೊರಬೇಕಿತ್ತಾ? ಕೆಲವೇ ತಿಂಗಳಲ್ಲಿ, 2010ರ ಜನವರಿಯಲ್ಲಿ, ಫೈನಲ್ ಸೋತ ಆ ಲಾಸ್ ಏಂಜಲೀಸ್ ತಂಡವೇ ಮುಚ್ಚಿಹೋಯ್ತು. 2012ರಲ್ಲಿ ಲೀಗ್ ಕೂಡ.

ಈಕೆ ಮಾತ್ರ 2010ರ ಮಾರ್ಚಿನಲ್ಲಿ ಹೆತ್ತು, ಮತ್ತೆ ಬಂದಳು. 2011ರ ವಿಶ್ವಕಪ್ ಫೈನಲ್‌ನಲ್ಲಿ ಜಪಾನ್ ಎದುರು ಪೆನಾಲ್ಟಿಯಲ್ಲಿ ಸೋಲು, ಮರುವರ್ಷ ಲಂಡನ್‌ನಲ್ಲಿ ಅದೇ ಜಪಾನ್ ಎದುರು ಗೆದ್ದು ಮೂರನೇ ಚಿನ್ನ. 2013ರಲ್ಲಿ ಮೂರನೇ ಲೀಗ್ ಹುಟ್ಟಿದಾಗ ಮತ್ತದೇ ಸ್ಕೈ ಬ್ಲೂ.

2015, ವ್ಯಾಂಕೂವರ್. ಮತ್ತೆ ಜಪಾನ್ ಎದುರು ವಿಶ್ವಕಪ್ ಫೈನಲ್. ಅಮೆರಿಕ 5-2ರಲ್ಲಿ ಮುಂದಿದ್ದಾಗ, ಕೊನೆಯ ಕೆಲವು ನಿಮಿಷಗಳಿಗೆ ನಲವತ್ತು ವರ್ಷದ ರಾಂಪೋನ್ ಬದಲಿ ಆಟಗಾರ್ತಿಯಾಗಿ ಮೈದಾನಕ್ಕೆ ಇಳಿದಳು. 1999ರಲ್ಲಿ ಕಪ್ ಗೆದ್ದ ತಂಡದಿಂದ ಉಳಿದುಕೊಂಡಿದ್ದವಳು ಅವಳೊಬ್ಬಳೇ. ಪಂದ್ಯ ಮುಗಿದ ಮೇಲೆ ಆ್ಯಬಿ ವಾಂಬಾಕ್ ಜೊತೆ ನಿಂತು ಕಪ್ ಎತ್ತಿದಳು. ಗೋಲು ಹೊಡೆಯುವುದರಲ್ಲಿ ಆಗಿನ ವಿಶ್ವದಾಖಲೆ ವಾಂಬಾಕಳದ್ದೇ. ಕಪ್ಪಿನ ಇನ್ನೊಂದು ಕಡೆ ಹಿಡಿದಿದ್ದವಳದ್ದು, ಆಗಲೇ ಹೇಳಿದೆನಲ್ಲ, ನಾಲ್ಕು.