ಮಿದುಳಿನ ಸಂಕೇತದಿಂದ ಮಾತು: ಪ್ರಕಟಿತ ಅಂಕಿಗಳ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಮಾತಿನ ಶಕ್ತಿ ಕಳೆದುಕೊಂಡವರ ಮಿದುಳಿನ ವಿದ್ಯುತ್ ಸಂಕೇತಗಳಿಂದ ವಾಕ್ಯಗಳನ್ನು ಗುರುತಿಸಿದ, 2021ರಿಂದ 2025ರ ನಡುವಿನ ಐದು ಪ್ರಬಂಧಗಳಿಗೆ ಈ ಟಿಪ್ಪಣಿ ಸೀಮಿತ. ಎಲ್ಲವೂ ಶಸ್ತ್ರಚಿಕಿತ್ಸೆಯ ಮೂಲಕ ಎಲೆಕ್ಟ್ರೋಡ್ ಅಳವಡಿಸಿದ ಪ್ರಯೋಗಗಳು. ನಾಲ್ಕರಲ್ಲಿ ಭಾಗಿಯಾದವರು ಒಬ್ಬೊಬ್ಬರೇ. ಆದ್ದರಿಂದ ಕೆಳಗಿನ ಯಾವ ಅಂಕಿಯನ್ನೂ ರೋಗಿಗಳ ಒಂದು ವರ್ಗಕ್ಕೆ ಅನ್ವಯಿಸಿ ಹೇಳಲಾಗದು.

2. ಹೋಲಿಕೆಗೆ ಒಗ್ಗದ ಅಂಕಿಗಳು

2023ರ ಆಗಸ್ಟ್ 23ರಂದು ‘ನೇಚರ್’ನಲ್ಲಿ ಎರಡು ಪ್ರಬಂಧಗಳು ಒಟ್ಟಿಗೆ ಬಂದವು. ಸ್ಟ್ಯಾನ್‌ಫರ್ಡ್‌ನ ಫ್ರಾಂಕ್ ವಿಲೆಟ್ ಮತ್ತಿತರರದು ಎಎಲ್‌ಎಸ್ (ಸ್ನಾಯುಗಳ ಹಿಡಿತ ಕ್ರಮೇಣ ತಪ್ಪಿಸುವ ನರರೋಗ) ಇದ್ದ ಒಬ್ಬರ ಅಧ್ಯಯನ: ನಿಮಿಷಕ್ಕೆ 62 ಪದ, ಪದದೋಷ (ತಪ್ಪಾದ, ಬಿಟ್ಟುಹೋದ, ಹೆಚ್ಚುವರಿಯಾಗಿ ಸೇರಿದ ಪದಗಳ ಪ್ರಮಾಣ) ಶೇ. 23.8. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಡ್ವರ್ಡ್ ಚಾಂಗ್ ಅವರ ಪ್ರಯೋಗಾಲಯದ ಪ್ರಬಂಧ ಮಿದುಳುಕಾಂಡದ ಪಾರ್ಶ್ವವಾಯುವಿಗೆ ತುತ್ತಾದ ಒಬ್ಬರದು: ನಿಮಿಷಕ್ಕೆ 78 ಪದ, ಪದದೋಷ ಸುಮಾರು ಶೇ. 25. ಇಷ್ಟನ್ನೇ ನೋಡಿದರೆ ಎರಡನೆಯದು ವೇಗದಲ್ಲಿ ಮುಂದು, ನಿಖರತೆಯಲ್ಲಿ ಸರಿಸಮ ಎನ್ನಿಸುತ್ತದೆ. ಆದರೆ ಮೊದಲನೆಯದರ ಶಬ್ದಸಂಗ್ರಹ 1,25,000 ಪದಗಳದು, ಎರಡನೆಯದರದು 1,024. ಮೊದಲ ತಂಡವೇ ಸಂಗ್ರಹವನ್ನು 50 ಪದಗಳಿಗೆ ಇಳಿಸಿದಾಗ ದೋಷ ಶೇ. 9.1ಕ್ಕೆ ಇಳಿದಿದೆ. ಎಲೆಕ್ಟ್ರೋಡ್‌ಗಳೂ ಬೇರೆ: ಮೊದಲನೆಯದರಲ್ಲಿ ಅವು ಮಿದುಳಿನ ತೊಗಟೆಯೊಳಕ್ಕೆ ಇಳಿದಿವೆ, ಎರಡನೆಯದರಲ್ಲಿ 253 ಎಲೆಕ್ಟ್ರೋಡ್‌ಗಳು ಮೇಲ್ಮೈಯಲ್ಲೇ ಉಳಿದಿವೆ.

2024ರ ಆಗಸ್ಟ್‌ನಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಶೇ. 97.5ರಷ್ಟು ನಿಖರತೆಯನ್ನು, ಅದೂ ತಿಂಗಳುಗಟ್ಟಲೆ ಉಳಿದುಕೊಂಡದ್ದನ್ನು, ವರದಿ ಮಾಡಿತು. ಇಲ್ಲಿ ವೇಗ ನಿಮಿಷಕ್ಕೆ ಸುಮಾರು 32 ಪದ. ಆ ನಿಖರತೆ ಈ ಕ್ಷೇತ್ರದ ನಿಜವಾದ ಸಾಧನೆ. ಮನೆಯವರೊಡನೆ ಮತ್ತೆ ಮಾತುಕತೆ ಸಾಧ್ಯವಾಗುವುದರ ಬೆಲೆಯನ್ನು ಅಂಕಿ ತೋರಿಸಲಾರದು. ಆದರೂ ಆ ಶೇಕಡಾವಾರು ಪರದೆಯ ಮೇಲೆ ಕೊಟ್ಟ ವಾಕ್ಯಗಳನ್ನು ನುಡಿಯಲೆತ್ನಿಸಿದಾಗಿನದು. ಸ್ವಂತ ಮಾತಿಗೆ ಹೋಲಿಸಿ ನೋಡಲು ಮೂಲಪಾಠವೇ ಇರುವುದಿಲ್ಲ. ವಾಕ್ಯ ಸರಿಯೇ ತಪ್ಪೇ ಎಂದು ಹೇಳಬೇಕಾದವರು ಭಾಗಿಯಾದವರೇ.

3. ಭಾಷಾ ಮಾದರಿಯ ಪಾಲು

ನೈತಿಕ ಚರ್ಚೆಯಲ್ಲಿ ಸಾಕಷ್ಟು ಗಮನ ಪಡೆಯದ ಒಂದು ಅಂತರ 2021ರ ಜುಲೈನ ಪ್ರಬಂಧದಲ್ಲಿದೆ. ಮೋಸೆಸ್, ಚಾಂಗ್ ಮತ್ತಿತರರ ಈ ಪ್ರಯೋಗದಲ್ಲಿ 50 ಪದಗಳ ಸಂಗ್ರಹ, ನಿಮಿಷಕ್ಕೆ 15.2 ಪದಗಳ ವೇಗ. ಸಾಮಾನ್ಯವಾಗಿ ಉಲ್ಲೇಖವಾಗುವ ಪದದೋಷ ಶೇ. 25.6. ಭಾಷಾ ಮಾದರಿಯನ್ನು ತೆಗೆದುಹಾಕಿ ಮಿದುಳಿನ ಸಂಕೇತವನ್ನಷ್ಟೇ ನೆಚ್ಚಿಕೊಂಡರೆ ಅದೇ ದೋಷ ಶೇ. 60.5. ನಡುವಿನ 34.9 ಅಂಶಗಳಷ್ಟು ಸುಧಾರಣೆ ಬಂದಿರುವುದು ಯಾವ ಪದದ ಹಿಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಲೆಕ್ಕದಿಂದ. ಈ ಲೆಕ್ಕ ಭಾಗಿಯಾದವರ ಮಿದುಳಿನದಲ್ಲ, ಇತರರ ಬರಹ ಮಾತುಗಳಿಂದ ಕಲಿತದ್ದು.

ಆ ಪ್ರಯೋಗದಲ್ಲಿ ‘ನೀರು ಬೇಕೇ?’ ಎಂದು ಕೇಳಿದಾಗ ಬಂದ ಉತ್ತರ: ‘ನೋ, ಐ ಆಮ್ ನಾಟ್ ಥರ್ಸ್ಟಿ’. ಐದು ಪದ. ‘ನಾಟ್’ ಒಂದು ಬಿದ್ದುಹೋದರೆ ಪದದೋಷ ಶೇ. 20, ಅಂದರೆ ವರದಿಯಾದ ಅಂಕಿಗಿಂತ ಉತ್ತಮ. ಅರ್ಥ ಮಾತ್ರ ತಿರುವುಮುರುವು. ದಾದಿ ನೀರು ತಂದರೆ ನಷ್ಟ ಚಿಕ್ಕದು. ಅದೇ ಮಾತು ಶಸ್ತ್ರಚಿಕಿತ್ಸೆಗೆ ಕೊಡುವ ಒಪ್ಪಿಗೆಯೋ ಉಯಿಲಿನ ಒಂದು ಸಾಲೋ ಆಗಿದ್ದರೆ ಹಾಗಲ್ಲ. ಗೊಂದಲದ ವಾಕ್ಯವನ್ನು ಕೇಳುಗ ಅನುಮಾನಿಸುತ್ತಾನೆ, ಸರಾಗವಾದ ತಪ್ಪು ವಾಕ್ಯವನ್ನು ನಂಬುತ್ತಾನೆ. ಭಾಷಾ ಮಾದರಿ ಬಲವಾದಷ್ಟೂ ದೋಷ ಮೊದಲ ಬಗೆಯಿಂದ ಎರಡನೆಯ ಬಗೆಗೆ ಸರಿಯುವ ಸಾಧ್ಯತೆ ಇದೆ. ಮಾದರಿ ಇದ್ದಾಗಿನ, ಇಲ್ಲದಾಗಿನ ಅಂಕಿಗಳೆರಡನ್ನೂ ಪ್ರಕಟಿಸುವುದು ಕಡ್ಡಾಯವಾಗಬೇಕೆಂಬುದು ಈ ಟಿಪ್ಪಣಿಯ ನಿಲುವು. (ನಿಷೇಧ, ವಿಭಕ್ತಿ, ಕಾಲಗಳೆಲ್ಲ ಪದದ ತುದಿಗೇ ಅಂಟುವ ಕನ್ನಡದಂಥ ಭಾಷೆಗೆ ಈ ಅಳತೆಗೋಲನ್ನು ಹಾಗೆಯೇ ತರಲು ಬಹುಶಃ ಆಗದು.)

4. ಒಳಮಾತು

ಮೇಲಿನ ಪ್ರಬಂಧಗಳೆಲ್ಲ ನುಡಿಯುವ ಪ್ರಯತ್ನವನ್ನು ಗುರುತಿಸುತ್ತವೆ. ಪ್ರಯತ್ನಿಸದಿದ್ದರೆ ಸಂಕೇತವಿಲ್ಲ, ಹಾಗಾಗಿ ಮನಸ್ಸಿನ ಗುಟ್ಟು ಸುರಕ್ಷಿತ ಎಂಬ ಸಮಾಧಾನಕ್ಕೆ ಇದೇ ಆಧಾರವಾಗಿತ್ತು. 2025ರ ಆಗಸ್ಟ್‌ನಲ್ಲಿ ‘ಸೆಲ್’ ಪ್ರಕಟಿಸಿದ ಕುಂಜ್ ಮತ್ತಿತರರ ಪ್ರಬಂಧ ನಾಲ್ವರನ್ನು ಪರೀಕ್ಷಿಸಿ, ಚಲನಾ ತೊಗಟೆಯಲ್ಲಿ ಒಳಮಾತಿಗೂ ಅಂಥದೇ, ಆದರೆ ದುರ್ಬಲವಾದ, ವಿನ್ಯಾಸವಿದೆ ಎಂದು ತೋರಿಸಿತು. ಒಳಗೇ ನುಡಿದುಕೊಳ್ಳಲು ಹೇಳಿದ ವಾಕ್ಯಗಳಲ್ಲಿ ನಿಖರತೆ ಗರಿಷ್ಠ ಶೇ. 74. ಹೆಚ್ಚು ಮಹತ್ವದ್ದು ಇನ್ನೊಂದು ಫಲಿತಾಂಶ: ಪರದೆಯ ಆಕೃತಿಗಳನ್ನು ಎಣಿಸುವಾಗ, ಒಳಮಾತಿನ ಸೂಚನೆ ಇಲ್ಲದೆಯೂ, ಎಣಿಕೆಯ ಸುಳಿವು ಸಂಕೇತದಲ್ಲಿ ಸಿಕ್ಕಿದೆ. ಮುಕ್ತವಾಗಿ ಯೋಚಿಸಲು ಬಿಟ್ಟಾಗ ಅರ್ಥಪೂರ್ಣ ವಾಕ್ಯಗಳು ಬಹುಮಟ್ಟಿಗೆ ಸಿಕ್ಕಿಲ್ಲವೆಂಬುದನ್ನೂ ಜೊತೆಗೇ ಗಮನಿಸಬೇಕು.

ಲೇಖಕರು ಎರಡು ರಕ್ಷಣೆ ಸೂಚಿಸಿದ್ದಾರೆ: ಒಳಮಾತನ್ನು ಮೌನವೆಂದೇ ಪರಿಗಣಿಸುವಂತೆ ಯಂತ್ರಕ್ಕೆ ತರಬೇತಿ ಕೊಡುವುದು; ಅಥವಾ ಮನಸ್ಸಿನಲ್ಲೇ ಒಂದು ಗುಪ್ತನುಡಿ ಹೇಳಿಕೊಂಡ ಮೇಲಷ್ಟೇ ಯಂತ್ರ ಮಾತು ಹೊರಡಿಸುವಂತೆ ಮಾಡುವುದು. ಗುಪ್ತನುಡಿಯನ್ನು ಶೇ. 98ಕ್ಕೂ ಮಿಗಿಲಾದ ನಿಖರತೆಯಿಂದ ಗುರುತಿಸಲಾಗಿದೆ. ಆದರೆ ಅದನ್ನು ಗುರುತಿಸಲು ಯಂತ್ರ ಒಳಮಾತಿಗೆ ಸದಾ ಕಿವಿಗೊಟ್ಟಿರಬೇಕಾಗುತ್ತದೆ. ಮಾತು ಹೊರಹೊಮ್ಮುವುದನ್ನು ಗುಪ್ತನುಡಿ ತಡೆಯುತ್ತದೆ, ದಾಖಲಾಗುವುದನ್ನಲ್ಲ.

5. ಕಾನೂನಿನ ವ್ಯಾಖ್ಯೆಗಳು

ಹೀಗೆ ದಾಖಲಾದದ್ದನ್ನು ಕಾಯಬೇಕಾದದ್ದು ಕಾನೂನು. ಚಿಲಿ 2021ರ ಅಕ್ಟೋಬರ್‌ನಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು ಮಿದುಳಿನ ಚಟುವಟಿಕೆಗೂ ಅದರಿಂದ ದೊರೆಯುವ ಮಾಹಿತಿಗೂ ರಕ್ಷಣೆ ಕೊಟ್ಟಿತು. ಅಮೆರಿಕದ ಎರಡು ರಾಜ್ಯಗಳ ಶಾಸನಗಳು ಒಂದೇ ಎನ್ನುವಂತೆ ಉಲ್ಲೇಖವಾಗುತ್ತವೆ, ಹಾಗಿಲ್ಲ. ಕೊಲರಾಡೊ (ಏಪ್ರಿಲ್ 2024) ಇಂಥ ಮಾಹಿತಿಯನ್ನು ಸೂಕ್ಷ್ಮವೆಂದು ಗಣಿಸುವುದು ಅದು ವ್ಯಕ್ತಿಯನ್ನು ಗುರುತಿಸುವ ಉದ್ದೇಶಕ್ಕೆ ಬಳಕೆಯಾಗುವುದಾದರೆ ಮಾತ್ರ. ಕ್ಯಾಲಿಫೋರ್ನಿಯಾದ (ಸೆಪ್ಟೆಂಬರ್ 2024) ವ್ಯಾಖ್ಯೆಯಲ್ಲಿ ಆ ಷರತ್ತಿಲ್ಲ. ಪ್ರಸ್ತುತ ವಿಷಯಕ್ಕೆ ಈ ವ್ಯತ್ಯಾಸ ನಿರ್ಣಾಯಕವಾಗಬಹುದು: ಯಂತ್ರ ಗುರುತಿಸುವುದು ವ್ಯಕ್ತಿಯನ್ನಲ್ಲ, ಆತ ಆಡಹೊರಟ ಮಾತನ್ನು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸೂಕ್ಷ್ಮ ಮಾಹಿತಿ ಎಂಬ ಪ್ರತ್ಯೇಕ ವರ್ಗವನ್ನೇ ಇಟ್ಟುಕೊಂಡಿಲ್ಲ. ಅದರ ಪ್ರಕಾರ ಮಿದುಳಿನ ಸಂಕೇತಕ್ಕೂ ಫೋನ್ ನಂಬರಿಗೂ ಒಂದೇ ದರ್ಜೆ.